ಭಾನುವಾರದ ಅಂಕಣ

ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೋದವರು ಅಲ್ಲಿನ ನುಡಿಯನ್ನು ಕಲಿಯುತ್ತಾರೆ. ಊಟ ಉಡುಗೆಗಳಿಗೂ ಮೆಲ್ಲಮೆಲ್ಲನೆ ಒಗ್ಗಿಕೊಳ್ಳುತ್ತಾರೆ. ಆದರೆ ಅವರು ಓದಲು ಕಲಿಯಬೇಕಾದ ಇನ್ನೊಂದು ಬರಹವುಂಟು. ಅದು ಬಸ್ ನಿಲ್ದಾಣದ ಕಂಬದ ಮೇಲಿನ ವೇಳಾಪಟ್ಟಿ. ಜರ್ಮನಿಯನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ವಿಚಾರ ಮಾಡೋಣ.

ಅಲ್ಲಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ: ಸೋಮವಾರದಿಂದ ಶುಕ್ರವಾರದವರೆಗೆ ಒಂದು, ಶನಿವಾರಕ್ಕೆ ಒಂದು, ಭಾನುವಾರ ಮತ್ತು ರಜಾದಿನಗಳಿಗೆ ಒಂದು. ಎಡಗಡೆ ಗಂಟೆ, ಅದರ ಮುಂದೆ ನಿಮಿಷಗಳು. 19ರ ಮುಂದೆ 12 ಮತ್ತು 42 ಎಂದಿದ್ದರೆ, ಸಂಜೆ 7 ಗಂಟೆ 12 ನಿಮಿಷಕ್ಕೊಂದು, 42 ನಿಮಿಷಕ್ಕೊಂದು ಬಸ್ಸು ಹೊರಡುತ್ತದೆ ಎಂದರ್ಥ. ಮೊದಲ ಅಂಕಣದಲ್ಲಿ ಒತ್ತೊತ್ತಾಗಿರುವ ಅಂಕಿಗಳು ಭಾನುವಾರದ ಅಂಕಣದಲ್ಲಿ ವಿರಳವಾಗುತ್ತವೆ.

ಇದಕ್ಕೆ ಕಾರಣವುಂಟು. 1919ರ ವೈಮಾರ್ ಸಂವಿಧಾನವು ಭಾನುವಾರವನ್ನು ವಿಶ್ರಾಂತಿಯ ದಿನವೆಂದು ರಕ್ಷಿಸಿತು. 1949ರ ಸಂವಿಧಾನವು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಅಂದು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಪ್ರಯಾಣಿಕರು ಕಡಿಮೆಯಾದಂತೆ ಬಸ್ಸುಗಳೂ ಕಡಿಮೆಯಾಗುತ್ತವೆ.

ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ಶನಿವಾರದ ಸ್ಥಾನ. ಜರ್ಮನ್ನರ ಕಾನೂನಿನ ಭಾಷೆಯಲ್ಲಿ ಶನಿವಾರವೂ ಕೆಲಸದ ದಿನವೇ. ರೈಲ್ವೆ ಪಟ್ಟಿಯಲ್ಲಿ ಅಡ್ಡಲಾಗಿಟ್ಟ ಎರಡು ಸುತ್ತಿಗೆಗಳ ಗುರುತಿದ್ದರೆ, ಆ ಗಾಡಿ ಶನಿವಾರವೂ ಓಡುತ್ತದೆ. ಶಿಲುಬೆಯ ಗುರುತಿದ್ದರೆ ಭಾನುವಾರ ಮತ್ತು ರಜಾದಿನಗಳಲ್ಲಿ ಓಡುತ್ತದೆ.

ಎರಡನೆಯದು, ರಜಾದಿನ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ನಾವು ರಾಜ್ಯೋತ್ಸವವನ್ನು ಆಚರಿಸುವ ನವೆಂಬರ್ 1ರಂದು ಬವೇರಿಯ ರಾಜ್ಯದಲ್ಲಿ ಸಕಲ ಸಂತರ ಹಬ್ಬದ ರಜೆ. ಆ ದಿನ ಬುಧವಾರವೇ ಆಗಿದ್ದರೂ ಮ್ಯೂನಿಕ್‌ನ ವಿದ್ಯಾರ್ಥಿನಿ ಭಾನುವಾರದ ಅಂಕಣವನ್ನೇ ನೋಡಬೇಕು. ಬರ್ಲಿನ್ನಿನಲ್ಲಿರುವ ಅವಳ ಗೆಳತಿಗೆ ಅದು ಎಂದಿನ ಬುಧವಾರ.

ಮೂರನೆಯದು, ನಡುರಾತ್ರಿ. ನಮ್ಮ ಪಂಚಾಂಗದಲ್ಲಿ ವಾರವು ಸೂರ್ಯೋದಯಕ್ಕೆ ಬದಲಾಗುತ್ತದೆ. ಗಡಿಯಾರದಲ್ಲಿ ದಿನ ಬದಲಾಗುವುದು ರಾತ್ರಿ 12ಕ್ಕೆ. ಬಸ್ಸಿನವರ ದಿನವಾದರೋ ಅನೇಕ ಕಡೆ ಪಂಚಾಂಗದ ದಿನವನ್ನೇ ಹೋಲುತ್ತದೆ. ಶನಿವಾರ ರಾತ್ರಿ ಹನ್ನೆರಡೂವರೆಗೆ ಹೊರಡುವ ಬಸ್ಸು ಶನಿವಾರದ ಅಂಕಣದ ಕೊನೆಯಲ್ಲಿ ಇರಬಹುದು. ಗೊಂದಲವಾಗದಿರಲೆಂದು ಕೆಲವು ಪಟ್ಟಿಗಳಲ್ಲಿ 'ಶನಿ-ಭಾನುವಾರಗಳ ನಡುವಣ ರಾತ್ರಿ' ಎಂದೇ ಬರೆದಿರುತ್ತಾರೆ. ಬರ್ಲಿನ್ನಿನ ಬಹುಪಾಲು ಸುರಂಗ ರೈಲುಗಳು ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲಿ ಬೆಳಗಿನವರೆಗೂ ಓಡುತ್ತವೆ. ಸಣ್ಣ ಊರಿನಲ್ಲಿ ಹಾಗಲ್ಲ. ಸಂಜೆಯ ಬಸ್ಸೇ ಕಡೆಯದಾಗಿರಬಹುದು. ಕೆಲವೆಡೆ ಮುಂಚಿತವಾಗಿ ದೂರವಾಣಿಯಲ್ಲಿ ತಿಳಿಸಿದರೆ ಮಾತ್ರ ಬಾಡಿಗೆ ಕಾರು ಬರುತ್ತದೆ. ಈ ವಿಷಯವೆಲ್ಲ ಪಟ್ಟಿಯ ಅಡಿಯಲ್ಲಿ ಸಣ್ಣಕ್ಷರಗಳಲ್ಲಿರುತ್ತದೆ. ಅದನ್ನು ಓದದವರು ಹಿಮ ಸುರಿಯುವ ರಾತ್ರಿಯಲ್ಲಿ ಮೈಲಿಗಟ್ಟಲೆ ನಡೆಯಬೇಕಾದೀತು.

ಒಂದು ನಾಡು ತನ್ನ ಹೊತ್ತನ್ನು ಹೇಗೆ ಹಂಚಿಕೊಂಡಿದೆ ಎಂಬುದನ್ನು ವೇಳಾಪಟ್ಟಿ ತೋರಿಸುತ್ತದೆ. ಭಾನುವಾರದ ಅಂಕಣದ ಖಾಲಿ ಜಾಗವು ಒಬ್ಬ ಚಾಲಕನು ತನ್ನ ಮಕ್ಕಳೊಡನೆ ಕಳೆಯುವ ಹೊತ್ತು. ಭಾನುವಾರವೂ ಆಸ್ಪತ್ರೆಗೆ ಹೋಗಬೇಕಾದ, ಸ್ವಂತ ವಾಹನವಿಲ್ಲದ ದಾದಿಗೆ ಅದೇ ಜಾಗ ಚಳಿಯಲ್ಲಿ ಕಾಯುವ ಹೊತ್ತು. ಈ ಎರಡನ್ನೂ ಅದರಲ್ಲಿ ಕಾಣಬಲ್ಲವನೇ ಪಟ್ಟಿಯನ್ನು ಸರಿಯಾಗಿ ಓದಿದವನು.