‘ಇದು ನನ್ನ ಲ್ಯಾಪ್‌ಟಾಪ್‌ಗೆ ಸೆಟ್ ಆಗುತ್ತಾ?’

ಪಾರ್ಸೆಲ್ ಬಂದದ್ದು ಶನಿವಾರ ಮಧ್ಯಾಹ್ನ. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ಬಿಚ್ಚಿದ ಸ್ಕ್ರೂಗಳು ಕಳೆದುಹೋಗದಂತೆ ಚಹಾದ ಸಾಸರ್‌ನಲ್ಲಿ ಇಟ್ಟುಕೊಂಡು ಕೂತಿದ್ದೆ. ಹೊಸ ಎಸ್‌ಎಸ್‌ಡಿ ಹಾಕಿದರೆ ಈ ಯಂತ್ರಕ್ಕೆ ಮತ್ತೆ ಜೀವ ಬರುತ್ತದೆ ಎಂಬ ಆಸೆ. ಡಬ್ಬಿಯಿಂದ ಹೊರಬಂದದ್ದು 80 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲದ ತೆಳುವಾದ ಪಟ್ಟಿ. ಅದರ ತುದಿಯ ಚಿನ್ನದ ಬಣ್ಣದ ಹಲ್ಲುಗಳ ಸಾಲಿನಲ್ಲಿ ಒಂದೇ ಕಚ್ಚು, ಬಲಕ್ಕೆ. ಲ್ಯಾಪ್‌ಟಾಪ್‌ನ ಒಳಗಿದ್ದ ಸ್ಲಾಟ್‌ನ ಗೂಟ ಎಡಕ್ಕೆ. ಹೇಗೆ ಹಿಡಿದರೂ ಅದು ಕೂರಲಿಲ್ಲ. ನನಗೆ ಬೇಕಿದ್ದದ್ದು ಎಂ.2 ಸಾಟಾ, ಬಂದದ್ದು ಎಂ.2 ಎನ್‌ವಿಎಂಇ. ಉದ್ದ, ಅಗಲ ಎರಡೂ ಒಂದೇ. ಒಳಗಿನ ಭಾಷೆ ಮಾತ್ರ ಬೇರೆ. ಕೊಂಡ ಪುಟದಲ್ಲಿ ‘ಎಲ್ಲ ಲ್ಯಾಪ್‌ಟಾಪ್‌ಗಳಿಗೂ’ ಎಂದು ಬರೆದಿತ್ತು.

ಆ ಪಟ್ಟಿ ವಾಪಸಾಯಿತು, ದುಡ್ಡೂ ತಡವಾಗಿ ಬಂತು. ಆದರೆ ಒಂದು ವಿಷಯ ಅಂದೇ ಸ್ಪಷ್ಟವಾಯಿತು. ಕಂಪ್ಯೂಟರ್ ಬಿಡಿಭಾಗ ಕೊಳ್ಳುವವನ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ‘ಇದು ನನ್ನ ಲ್ಯಾಪ್‌ಟಾಪ್‌ಗೆ ಸೆಟ್ ಆಗುತ್ತಾ?’ ಈ ಪ್ರಶ್ನೆಗೆ ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಸರಿಯಾದ ಉತ್ತರ ಕೊಡಬಲ್ಲವರು ಸಣ್ಣದೊಂದು ಆನ್‌ಲೈನ್ ಅಂಗಡಿ ತೆರೆದು ಗೌರವದಿಂದ ಬದುಕಬಹುದು ಎಂಬುದು ನನ್ನ ನಂಬಿಕೆ. ಹಾರ್ಡ್‌ವೇರ್ ಕಲಿತು ಊರಲ್ಲೇ ಉಳಿಯಬೇಕೆನ್ನುವ ಯುವಕ ಯುವತಿಯರಿಗಾಗಿ ಈ ಬರಹ.

ಎಸ್‌.ಪಿ. ರಸ್ತೆ ಕಲಿಸುವ ಪಾಠ

ಬೆಂಗಳೂರಿನ ಪುರಭವನದ ಹತ್ತಿರದ ಸಾದರ ಪತ್ರಪ್ಪ ರಸ್ತೆಯನ್ನು ಎಲ್ಲರೂ ಕರೆಯುವುದು ಎಸ್‌.ಪಿ. ರೋಡ್ ಎಂದೇ. ಚೆನ್ನೈಗೆ ರಿಚಿ ಸ್ಟ್ರೀಟ್, ಮುಂಬೈಗೆ ಲ್ಯಾಮಿಂಗ್ಟನ್ ರೋಡ್, ದೆಹಲಿಗೆ ನೆಹರೂ ಪ್ಲೇಸ್ ಇದ್ದಂತೆ ನಮಗೆ ಈ ರಸ್ತೆ. ಅಲ್ಲಿನ ಕೌಂಟರ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ಗಿರಾಕಿ ಕವರ್‌ನಿಂದ ಹಳೆಯ ರ‍್ಯಾಮ್ ತೆಗೆದು ಕೊಡುತ್ತಾನೆ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ಸ್ಟಿಕ್ಕರ್ ಓದುತ್ತಾರೆ, ಕಚ್ಚು ಎಲ್ಲಿದೆ ನೋಡುತ್ತಾರೆ, ಹಿಂದಿನ ಕಪಾಟಿನಿಂದ ಅದರ ಜೋಡಿಯನ್ನು ತೆಗೆದು ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ವ್ಯಾಪಾರ ಮುಗಿಯುವುದು ಆಮೇಲೆ.

ಬೀದರ್‌ನಲ್ಲೋ ಕಾರವಾರದಲ್ಲೋ ಇರುವವರು ಒಂದು ಅಡಾಪ್ಟರ್‌ಗಾಗಿ ಅಲ್ಲಿಯವರೆಗೆ ಬರುವಂತಿಲ್ಲ. ದೊಡ್ಡ ಮಾರಾಟ ತಾಣಗಳಲ್ಲಿ ಸರಕು ರಾಶಿ ರಾಶಿ ಸಿಗುತ್ತದೆ, ಬೆಲೆಯೂ ಅಗ್ಗ; ಆದರೆ ಆ ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು ತೋರಿಸುವ ಕೈ ಅಲ್ಲಿ ಕಾಣುವುದಿಲ್ಲ. ಸಣ್ಣ ಅಂಗಡಿಗೆ ಜಾಗ ಇರುವುದು ಅಲ್ಲೇ. ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಭಾಗದ ಫೋಟೊ ಕಳಿಸಲಿ, ಮಾಡೆಲ್ ಸಂಖ್ಯೆ ಕಳಿಸಲಿ. ನೋಡಿ ‘ಇದು ಸರಿ’ ಎಂದೋ ‘ಇದು ಬೇಡ, ಅದು ತೆಗೆದುಕೊಳ್ಳಿ’ ಎಂದೋ ಹೇಳುವುದೇ ನಿಮ್ಮ ಕಸುಬು.

ಯಾವುದರಿಂದ ಶುರು ಮಾಡುವುದು?

ಈ ವ್ಯಾಪಾರಕ್ಕಿಳಿಯುವ ಬಹುತೇಕ ಹುಡುಗರ ಕಣ್ಣು ಮೊದಲು ಹೋಗುವುದು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಮೇಲೆ. ಅವುಗಳಲ್ಲಿ ಬಂಡವಾಳ ಹೆಚ್ಚು, ಲಾಭ ಕಡಿಮೆ, ಪೈಪೋಟಿ ವಿಪರೀತ. ಹಾಸಿಗೆ ಇದ್ದಷ್ಟು ಕಾಲು ಚಾಚುವುದಾದರೆ, ಹಳೆಯ ಯಂತ್ರಗಳನ್ನು ಬದುಕಿಸುವ ಭಾಗಗಳಿಂದ ಶುರು ಮಾಡುವುದು ಒಳ್ಳೆಯದು: ಎಸ್‌ಎಸ್‌ಡಿ, ರ‍್ಯಾಮ್, ಲ್ಯಾಪ್‌ಟಾಪ್ ಕೀಬೋರ್ಡ್, ಫ್ಯಾನ್, ಅಡಾಪ್ಟರ್, ಥರ್ಮಲ್ ಪೇಸ್ಟ್, ಕೇಬಲ್ಲುಗಳು.

ಇವುಗಳಿಗೆ ಬೇಡಿಕೆ ಇರಲು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಆ ಗೆರೆಯ ಈಚೆಗಿರುವ ಯಂತ್ರಗಳು ಎಸ್‌ಎಸ್‌ಡಿ ಮತ್ತು ಹೆಚ್ಚುವರಿ ರ‍್ಯಾಮ್ ಹಾಕಿದರೆ ಇನ್ನೂ ಕೆಲವು ವರ್ಷ ಸಲೀಸಾಗಿ ಓಡುತ್ತವೆ. ಗೆರೆಯ ಆಚೆಗಿರುವವನ್ನು ಲಿನಕ್ಸ್ ಹಾಕಿ ಬಳಸುವವರಿದ್ದಾರೆ. ಯಂತ್ರ ಗುಜರಿಗೆ ಹೋಗದೆ ಉಳಿದರೆ ಮನೆಯವರ ದುಡ್ಡೂ ಉಳಿಯುತ್ತದೆ, ಇ-ತ್ಯಾಜ್ಯವೂ ಅಷ್ಟು ಕಡಿಮೆಯಾಗುತ್ತದೆ.

ಆದರೆ ಹೊಂದಾಣಿಕೆಯ ಜ್ಞಾನ ಪಕ್ಕಾ ಇರಬೇಕು. ಡೆಸ್ಕ್‌ಟಾಪ್‌ನ ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್ ಎರಡಕ್ಕೂ 288 ಪಿನ್‌ಗಳೇ. ಕಚ್ಚಿನ ಜಾಗ ಬೇರೆ, ವೋಲ್ಟೇಜ್ ಬೇರೆ. ಒಂದರದು 1.2 ವೋಲ್ಟ್, ಇನ್ನೊಂದರದು 1.1. ಲ್ಯಾಪ್‌ಟಾಪ್‌ನಲ್ಲಿ ಬರುವ ಗಿಡ್ಡ ರ‍್ಯಾಮ್‌ಗಳಲ್ಲಿ ಪಿನ್ ಸಂಖ್ಯೆ 260 ಮತ್ತು 262. ಇಂಟೆಲ್‌ನ 10 ಮತ್ತು 11ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕೂರುವುದು ಎಲ್‌ಜಿಎ 1200 ಸಾಕೆಟ್‌ನಲ್ಲಿ, 12ರಿಂದ 14ರವರೆಗಿನವು ಎಲ್‌ಜಿಎ 1700ರಲ್ಲಿ. ಲ್ಯಾಪ್‌ಟಾಪ್ ಕೀಬೋರ್ಡ್ ಇನ್ನೂ ಸೂಕ್ಷ್ಮ. ಒಂದೇ ಮಾಡೆಲ್‌ನಲ್ಲೂ ಬ್ಯಾಕ್‌ಲೈಟ್ ಇದ್ದದ್ದು, ಇಲ್ಲದ್ದು, ಪವರ್ ಬಟನ್ ಸೇರಿದ್ದು, ಸೇರದ್ದು ಎಂಬ ಭೇದಗಳಿರುತ್ತವೆ. ರಿಬ್ಬನ್ ಕೇಬಲ್ ಯಾವ ಕಡೆಯಿಂದ ಹೊರಡುತ್ತದೆ ಎಂಬುದೂ ಬದಲಾಗುತ್ತದೆ.

ಅಂಗಡಿ ತೆರೆಯುವ ಮುನ್ನವೇ ಒಂದು ಎಕ್ಸೆಲ್ ಹಾಳೆ ತೆರೆಯಿರಿ. ನೀವು ಕೈಯಾರೆ ಬಿಚ್ಚಿ ನೋಡಿದ ಪ್ರತಿ ಯಂತ್ರದ ಮಾಡೆಲ್, ಅದರ ಸ್ಲಾಟ್, ಅದಕ್ಕೆ ಕೂತ ಭಾಗ, ಕೂರದ ಭಾಗ ಎಲ್ಲವನ್ನೂ ಅಲ್ಲಿ ಬರೆದಿಡಿ. ಗೋಡೌನ್‌ನಲ್ಲಿರುವ ಸರಕಿಗಿಂತ ಈ ಪಟ್ಟಿಯೇ ನಿಮ್ಮ ದೊಡ್ಡ ಆಸ್ತಿ.

ಗೋಡೌನ್‌ನಲ್ಲಿ ಕೊಳೆಯುವ ಸರಕು

ತರಕಾರಿಯಷ್ಟೇ ಬೇಗ ಕಂಪ್ಯೂಟರ್ ಭಾಗಗಳ ಬೆಲೆಯೂ ಏರುತ್ತದೆ, ಇಳಿಯುತ್ತದೆ. 2011ರಲ್ಲಿ ಥಾಯ್ಲೆಂಡ್‌ನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದಾಗ ಜಗತ್ತಿನೆಲ್ಲೆಡೆ ಅವುಗಳ ಬೆಲೆ ಹಾರಿತು. 2020-21ರಲ್ಲಿ ಚಿಪ್ ಕೊರತೆಯಿಂದ ಗ್ರಾಫಿಕ್ಸ್ ಕಾರ್ಡ್ ಕೈಗೆಟುಕದಂತಾಯಿತು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿ ಚಿಪ್‌ಗಳು ಸಾಲದೆ ರ‍್ಯಾಮ್ ಬೆಲೆ ಏರತೊಡಗಿತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ‘ಕ್ರೂಷಿಯಲ್’ ವ್ಯವಹಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು.

ಏರಿದಾಗ ಸ್ಟಾಕ್ ಇದ್ದವರಿಗೆ ಲಾಭ ನಿಜ. ಇಳಿದಾಗ ಕೈ ಸುಟ್ಟುಕೊಳ್ಳುವವರೂ ಅವರೇ. ಜೂಜಿನ ಲಾಭವನ್ನು ನೆಚ್ಚಿ ಅಂಗಡಿ ನಡೆಸಲಾಗದು. ಸ್ವಲ್ಪ ಸ್ವಲ್ಪವೇ ಕೊಳ್ಳಿ, ಪದೇ ಪದೇ ಕೊಳ್ಳಿ. ಮೂರು ತಿಂಗಳಾದರೂ ಅಲುಗದ ಸರಕನ್ನು ಅಸಲಿಗೇ ಮಾರಿ ದುಡ್ಡು ಬಿಡಿಸಿಕೊಳ್ಳಿ.

ಕೊಳ್ಳುವಾಗ ಇನ್ನೂ ಒಂದು ಎಚ್ಚರ ಬೇಕು. ಡಬ್ಬಿಯಿಲ್ಲದೆ ‘ಟ್ರೇ’ ರೂಪದಲ್ಲಿ ಬರುವ ಪ್ರೊಸೆಸರ್‌ಗಳಿಗೆ ತಯಾರಕರ ನೇರ ವಾರಂಟಿ ಇರುವುದಿಲ್ಲ. ಹೊರಗೆ 1 ಟಿಬಿ ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ಪೆನ್‌ಡ್ರೈವ್‌ಗಳು ಮಾರುಕಟ್ಟೆಯಲ್ಲಿವೆ. ಅಂಥದ್ದನ್ನು ಪತ್ತೆ ಹಚ್ಚಲು ‘ಎಚ್‌2ಟೆಸ್ಟ್‌ಡಬ್ಲ್ಯೂ’, ‘ಎಫ್‌3’ಯಂಥ ಉಚಿತ ತಂತ್ರಾಂಶಗಳಿವೆ. ಹೊಸ ಡೀಲರ್‌ನಿಂದ ಬಂದ ಪ್ರತಿ ಕಂತಿನಲ್ಲೂ ಒಂದೆರಡನ್ನಾದರೂ ಪೂರ್ತಿ ತುಂಬಿಸಿ ಪರೀಕ್ಷಿಸಿ. ಬಿಲ್ ಕೊಡದ ಡೀಲರ್ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ; ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಬಿಲ್.

58 ರೂಪಾಯಿಯ ಕತೆ

ಲೆಕ್ಕಕ್ಕೆಂದು ಒಂದು ಉದಾಹರಣೆ ನೋಡೋಣ. ಕಂಪ್ಯೂಟರ್ ಭಾಗಗಳ ಮೇಲಿನ ಜಿಎಸ್‌ಟಿ ಶೇ 18. ನೀವು ಒಂದು ಎಸ್‌ಎಸ್‌ಡಿಯನ್ನು 1,800 ರೂಪಾಯಿ ಮತ್ತು ತೆರಿಗೆ 324 ಕೊಟ್ಟು ತಂದಿರಿ ಎನ್ನಿ. 2,000 ರೂಪಾಯಿ ಮತ್ತು ತೆರಿಗೆ 360, ಒಟ್ಟು 2,360ಕ್ಕೆ ಮಾರಿದಿರಿ. ನೀವು ಕೊಟ್ಟ 324 ರೂಪಾಯಿ ಹೂಡುವಳಿ ತೆರಿಗೆಯಾಗಿ ಜಮೆಯಾಗುತ್ತದೆ. ಕೈಯಲ್ಲಿ ಉಳಿದಂತೆ ಕಾಣುವುದು 200 ರೂಪಾಯಿ. ಪೇಮೆಂಟ್ ಗೇಟ್‌ವೇ ಶೇ 2ರಂತೆ 47 ಹಿಡಿದರೆ, ಕೊರಿಯರ್‌ಗೆ 70, ಡಬ್ಬಿ-ಟೇಪಿಗೆ 25 ಹೋದರೆ, ನಿಜವಾಗಿ ಉಳಿಯುವುದು 58 ರೂಪಾಯಿ.

ಈಗ ಆ ಎಸ್‌ಎಸ್‌ಡಿ ‘ಕೂರಲಿಲ್ಲ’ ಎಂದು ವಾಪಸ್ ಬಂತು ಎನ್ನಿ. ಹೋಗಿ ಬರುವ ಕೊರಿಯರ್ 140, ಡಬ್ಬಿ 25, ಹಿಂದಿರುಗಿ ಬರದ ಗೇಟ್‌ವೇ ಶುಲ್ಕ 47. ಒಟ್ಟು 212 ರೂಪಾಯಿ ಕೈಬಿಟ್ಟಿತು. ನಾಲ್ಕು ಮಾರಾಟದ ಲಾಭವನ್ನು ಒಂದು ವಾಪಸಾತಿ ಹೆಚ್ಚುಕಡಿಮೆ ನುಂಗಿತು. ಮೊದಲೇ ಐದು ನಿಮಿಷ ಮಾತಾಡಿ ಸರಿಯಾದ ಭಾಗ ಯಾವುದೆಂದು ಹೇಳಿದ್ದರೆ ಅಷ್ಟೂ ಉಳಿಯುತ್ತಿತ್ತು.

ಕಾಗದಪತ್ರ ಮೊದಲು, ಬೋಣಿ ಆಮೇಲೆ

ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಹೊಸೂರಿನ ಗ್ರಾಹಕರೊಬ್ಬರಿಗೆ ಒಂದು ರ‍್ಯಾಮ್ ಕಳಿಸಿದರೂ ಅದು ಅಂತರರಾಜ್ಯ ಮಾರಾಟ. ವಹಿವಾಟು ಎಷ್ಟೇ ಇರಲಿ, ನೋಂದಣಿ ಬೇಕೇ ಬೇಕು. ದೊಡ್ಡ ಮಾರಾಟ ತಾಣಗಳ ಮೂಲಕ ಮಾರುವವರಿಗೂ ನೋಂದಣಿ ಕಡ್ಡಾಯವಿತ್ತು. ರಾಜ್ಯದೊಳಗಷ್ಟೇ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್‌ನಿಂದ ಷರತ್ತುಗಳೊಂದಿಗೆ ವಿನಾಯಿತಿ ಸಿಕ್ಕಿದೆ. ಆನ್‌ಲೈನ್ ಅಂಗಡಿಗೆ ರಾಜ್ಯದ ಗಡಿ ಇರುವುದಿಲ್ಲವಾದ್ದರಿಂದ ಮೊದಲ ದಿನವೇ ನೋಂದಾಯಿಸಿಕೊಳ್ಳುವುದು ಮೇಲು. ಸಣ್ಣ ಉದ್ಯಮಗಳಿಗಾಗಿ 2020ರ ಜುಲೈನಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಸರ್ಕಾರಿ ಜಾಲತಾಣದಲ್ಲಿ ಯಾವ ಶುಲ್ಕವೂ ಇಲ್ಲ. ದುಡ್ಡು ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ.

2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳನ್ನು ಒಮ್ಮೆ ಕೂತು ಓದಿ. ಅಂಗಡಿಯ ಹೆಸರು, ವಿಳಾಸ, ದೂರು ಆಲಿಸುವವರ ವಿವರ ಪುಟದಲ್ಲಿ ಕಾಣಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ವಿವರಿಸಿದಂತೆ ಇಲ್ಲದ ಸರಕನ್ನು ವಾಪಸ್ ಪಡೆಯುವುದಿಲ್ಲ ಎನ್ನುವಂತಿಲ್ಲ. ‘ಎಲ್ಲ ಲ್ಯಾಪ್‌ಟಾಪ್‌ಗಳಿಗೂ’ ಎಂದು ಬರೆಯುವ ಮುನ್ನ ಈ ಕೊನೆಯ ಮಾತನ್ನು ನೆನಪಿಸಿಕೊಳ್ಳಿ. ಅಡಾಪ್ಟರ್ ಮಾರುವುದಾದರೆ ಅದರ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲೇಬೇಕು. ಅದಿಲ್ಲದ ಅಡಾಪ್ಟರ್ ಯಾರದೋ ಮನೆಯ ಹಾಸಿಗೆಯ ಪಕ್ಕ ರಾತ್ರಿಯಿಡೀ ಪ್ಲಗ್‌ನಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

ಪ್ಯಾಕಿಂಗ್ ಮೇಜಿನ ಮೇಲೆ

ಅಂಗಡಿಯ ಜಾಗ ಮನೆಯ ಒಂದು ಕೋಣೆಯೇ ಆಗಿರಬಹುದು, ಆದರೆ ಪ್ಯಾಕಿಂಗ್ ಮೇಜು ಶಿಸ್ತಾಗಿರಲಿ. ಮೈಯಲ್ಲಿ ಕೂಡಿಕೊಳ್ಳುವ ಸ್ಥಾಯೀ ವಿದ್ಯುತ್ ಸುಮಾರು 3,000 ವೋಲ್ಟ್ ಆಗುವವರೆಗೆ ನಮಗೆ ಗೊತ್ತೇ ಆಗುವುದಿಲ್ಲ. ಚಿಪ್ ಕೆಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಡಿಸೆಂಬರ್-ಜನವರಿಯ ಒಣ ಹವೆಯಲ್ಲಿ ಈ ಅಪಾಯ ಹೆಚ್ಚು. ಆ್ಯಂಟಿಸ್ಟ್ಯಾಟಿಕ್ ಮ್ಯಾಟ್, ಮಣಿಕಟ್ಟಿನ ಪಟ್ಟಿ ಬಳಸಿ. ರ‍್ಯಾಮನ್ನು ಅಂಚಿನಲ್ಲಿ ಹಿಡಿಯಿರಿ, ಹಲ್ಲುಗಳನ್ನು ಮುಟ್ಟಬೇಡಿ. ಮೊದಲು ಆ್ಯಂಟಿಸ್ಟ್ಯಾಟಿಕ್ ಚೀಲ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್, ಆಮೇಲೆ ಗಟ್ಟಿ ಡಬ್ಬಿ. ಈ ಕ್ರಮ ತಪ್ಪಬಾರದು. ಸಾಮಾನ್ಯ ಗುಳ್ಳೆ ಪ್ಲಾಸ್ಟಿಕ್ ತಾನೇ ಸ್ಥಾಯೀ ವಿದ್ಯುತ್ ಹುಟ್ಟಿಸುತ್ತದೆ.

ಡಬ್ಬಿ ಮುಚ್ಚುವ ಮುನ್ನ ಸೀರಿಯಲ್ ಸಂಖ್ಯೆಯನ್ನು ಬಿಲ್‌ನಲ್ಲಿ ಬರೆದು, ಸಂಖ್ಯೆ ಕಾಣುವಂತೆ ವಿಡಿಯೊ ಮಾಡಿಟ್ಟುಕೊಳ್ಳಿ. ವಾಪಸ್ ಬಂದದ್ದು ನೀವು ಕಳಿಸಿದ್ದೇ ಹೌದೋ ಅಲ್ಲವೋ ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರಿಂದ ನಿಷೇಧಿಸಲಾಗಿದೆ. ಲ್ಯಾಪ್‌ಟಾಪ್ ಬ್ಯಾಟರಿ ಮಾರುವುದಾದರೆ ರಸ್ತೆ ಮೂಲಕ ಒಯ್ಯುವ ಕೊರಿಯರ್ ಆರಿಸಿ, ಒಳಗೇನಿದೆ ಎಂದು ಪ್ರಾಮಾಣಿಕವಾಗಿ ಬರೆದು ಕೊಡಿ.

ಕನ್ನಡದಲ್ಲೇ ಹೇಳಿ

ಇಂಥ ಭಾಗಗಳ ವಿವರವನ್ನು ಕನ್ನಡದಲ್ಲಿ ಬರೆಯುವವರು ಇನ್ನೂ ತೀರಾ ವಿರಳ. ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಯವರು, ಶಾಲೆಯ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವ ಮೇಷ್ಟ್ರು, ಮಗಳ ಓದಿಗೆಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡ ರೈತ, ಇವರಿಗೆಲ್ಲ ‘ನಿಮ್ಮ ಯಂತ್ರದ ರ‍್ಯಾಮ್ ಯಾವುದೆಂದು ಹೀಗೆ ನೋಡಿ’ ಎಂದು ನಾಲ್ಕು ಫೋಟೊ ಸಮೇತ ಕನ್ನಡದಲ್ಲಿ ತೋರಿಸಿದರೆ ಸಾಕು, ಅವರು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಯುಪಿಐ ಬಂದ ಮೇಲೆ ಹಣ ಕೊಡುವುದು ಕಷ್ಟವಾಗಿ ಉಳಿದಿಲ್ಲ, ಅಂಚೆ ತಲುಪದ ಹಳ್ಳಿಯೂ ಇಲ್ಲ. ಕೊರತೆ ಇರುವುದು ತಿಳಿದು ಹೇಳುವವರದ್ದು.

ಅಂಗಡಿ ತೆರೆಯಬೇಕೆನ್ನುವ ಗೆಳೆಯರೇ, ಮೊದಲ ಒಂದು ತಿಂಗಳು ಏನನ್ನೂ ಕೊಳ್ಳಬೇಡಿ. ನಿಮ್ಮೂರಿನ ರಿಪೇರಿ ಅಂಗಡಿಯಲ್ಲಿ ಕೂತು ಜನ ಏನು ಕೇಳುತ್ತಾರೆ ಎಂದು ಬರೆದುಕೊಳ್ಳಿ. ಆಮೇಲೆ ಹತ್ತೇ ಬಗೆಯ ಸರಕು ತನ್ನಿ. ಯಾರಾದರೂ ಫೋಟೊ ಕಳಿಸಿ ಕೇಳಿದಾಗ, ‘ಇದು ನಿಮ್ಮ ಯಂತ್ರಕ್ಕೆ ಕೂರುವುದಿಲ್ಲ, ದುಡ್ಡು ಹಾಕಬೇಡಿ’ ಎಂದು ಹೇಳುವ ಸಂದರ್ಭ ಬಂದೇ ಬರುತ್ತದೆ. ಆ ದಿನ ಒಂದು ವ್ಯಾಪಾರ ಕೈತಪ್ಪಿದರೂ ಹಾಗೆಯೇ ಹೇಳಿ. ಮುಂದಿನ ಸಲ ಅವರು ಬೇರೆ ಅಂಗಡಿ ಹುಡುಕುವುದಿಲ್ಲ.