ಗಟ್ಟಿಮೇಳ ಎಷ್ಟನೇ ಚಾಪ್ಟರ್?

1990ರ ದಶಕದ ಮದುವೆ ಕ್ಯಾಸೆಟ್ಟುಗಳ ಮೇಲೆ ಹೆಚ್ಚಾಗಿ ‘ಇ-180’ ಎಂಬ ಗುರುತಿರುತ್ತದೆ. ಅಂದರೆ ನೂರ ಎಂಬತ್ತು ನಿಮಿಷ. ಚಪ್ಪರದ ತೋರಣದಿಂದ ಹೆಣ್ಣು ಒಪ್ಪಿಸುವ ಅಳುವಿನ ತನಕ ಇಡೀ ಬಳಗ ಆ ಮೂರು ಗಂಟೆಯೊಳಗೆ ಕುಳಿತಿದೆ, ಹ್ಯಾಲೊಜನ್ ದೀಪದ ಝಳಕ್ಕೆ ಕಣ್ಣು ಕಿರಿದು ಮಾಡಿಕೊಂಡ ಮದುಮಗನ ಸಮೇತ. ಕ್ಯಾಸೆಟ್ ಬೀರುವಿನಲ್ಲಿ ಉಳಿದಿದೆ, ಓಡಿಸುವ ಪೆಟ್ಟಿಗೆ ಉಳಿದಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು.

ಹಾಗಾಗಿ ಡಿವಿಡಿ. ಈ ಕಾಲದಲ್ಲೂ ಡಿವಿಡಿಯೇ ಎಂದು ಮೊಮ್ಮಕ್ಕಳು ನಗಬಹುದು, ನಗಲಿ. ಪಾಸ್‌ವರ್ಡ್ ಕೇಳದೆ, ನಡುವೆ ಜಾಹೀರಾತು ತೂರಿಸದೆ, ರಿಮೋಟಿನ ಒಂದೇ ಗುಂಡಿಗೆ ಮುಂದಿನ ಶಾಸ್ತ್ರಕ್ಕೆ ಹಾರುವ ಸಾಧನ ಹಿರಿಯರ ಕೈಗೆ ಇಷ್ಟು ಸಲೀಸಾಗಿ ಒಗ್ಗಿದ್ದು ಇನ್ನೊಂದಿಲ್ಲ. ಆದರೆ ಗುಂಡಿ ಒತ್ತಿದಾಗ ಎಲ್ಲಿಗೆ ಹಾರಬೇಕು, ಅಂದರೆ ಪ್ರತಿ ಚಾಪ್ಟರ್ ಎಲ್ಲಿ ಶುರುವಾಗಬೇಕು ಎಂಬುದನ್ನು ಸಾಫ್ಟ್‌ವೇರ್ ಹೇಳಲಾರದು. ಮನೆಯವರೇ ಹೇಳಬೇಕು.

ಮೊದಲು ಲೆಕ್ಕ ಮುಗಿಸಿಕೊಳ್ಳೋಣ. ಕ್ಯಾಸೆಟ್ಟನ್ನು ಡಿವಿ ರೂಪದಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಬೇಕು. ಮೂರು ಗಂಟೆಗೆ 39 ಜಿಬಿ. ಖಾಲಿ ಡಿವಿಡಿಯ ಡಬ್ಬಿಯ ಮೇಲೆ 4.7 ಜಿಬಿ ಎಂದಿರುತ್ತದೆ, ಕಂಪ್ಯೂಟರ್ ಅದನ್ನೇ 4.37 ಎಂದು ತೋರಿಸುತ್ತದೆ. ಅಂಗಡಿಯವರ ಮೋಸವಲ್ಲ ಅದು: ಡಬ್ಬಿಯದು ಸಾವಿರದ ಎಣಿಕೆ, ಯಂತ್ರದ್ದು 1024ರ ಎಣಿಕೆ. ಅಷ್ಟು ಜಾಗವನ್ನು 10,800 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್. ಧ್ವನಿಗೆ, ಮೆನುವಿಗೆ, ಅಂಚಿನ ಉಳಿತಾಯಕ್ಕೆ ಒಂದಿಷ್ಟು ಬಿಟ್ಟರೆ ಚಿತ್ರಕ್ಕೆ ಸಿಗುವುದು 3.1ರ ಆಸುಪಾಸು. ಡಿವಿಡಿಯ ನಿಯಮ ಚಿತ್ರಕ್ಕೆ 9.8ರವರೆಗೂ ಅವಕಾಶ ಕೊಡುತ್ತದೆ, ಆದರೆ ಆ ವೇಗದಲ್ಲಿ ಬಿಲ್ಲೆ ಒಂದು ಗಂಟೆಗೇ ತುಂಬಿಹೋಗುತ್ತದೆ.

ಧ್ವನಿಯಲ್ಲೇ ಹಲವರು ಎಡವುತ್ತಾರೆ. ಸಂಕುಚಿಸದ ಪಿಸಿಎಂ ಧ್ವನಿಯನ್ನು ಹಾಗೇ ಬಿಟ್ಟರೆ ಮೂರು ಗಂಟೆಗೆ ಅದೊಂದೇ 2 ಜಿಬಿ ನುಂಗುತ್ತದೆ. ಡಾಲ್ಬಿಯ ಎಸಿ-3ಗೆ ಬದಲಿಸಿ 192 ಕಿಲೋಬಿಟ್ ಇಟ್ಟರೆ 260 ಎಂಬಿಯಲ್ಲಿ ಮುಗಿಯುತ್ತದೆ. ವಾಲಗದವರ ಸದ್ದಿಗೂ ಅತ್ತೆಯಂದಿರ ಮಾತಿಗೂ ಅಷ್ಟು ಧಾರಾಳವಾಗಿ ಸಾಕು.

ಇನ್ನು ಚಿತ್ರ. ಡಿವಿಡಿ ಬಳಸುವುದು ಎಂಪೆಗ್-2 ಎಂಬ ಸಂಕೋಚನ ವಿಧಾನವನ್ನು. ಅದು ಒಂದು ಚೌಕಟ್ಟನ್ನು ಪೂರ್ತಿಯಾಗಿ ಬರೆದುಕೊಂಡು, ಮುಂದಿನ ಹತ್ತು ಹನ್ನೆರಡು ಚೌಕಟ್ಟುಗಳಲ್ಲಿ ಬದಲಾದದ್ದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಜಿಪುಣ ಶಾನುಭೋಗ ಕಡತ ಬರೆದಂತೆ: ಹಳೆಯದನ್ನು ಮತ್ತೆ ಬರೆಯುವುದಿಲ್ಲ, ‘ಮೇಲಿನಂತೆ’ ಎಂದುಬಿಡುತ್ತಾನೆ. ಪುರೋಹಿತರು ಮಂತ್ರ ಹೇಳುತ್ತ, ವಧೂವರರು ತಲೆ ತಗ್ಗಿಸಿ ಕೂತಿರುವ ಅರ್ಧ ಗಂಟೆ ಇದಕ್ಕೆ ಹಬ್ಬ. ಏನೂ ಅಲುಗಾಡುವುದಿಲ್ಲ, ಖರ್ಚೂ ಇಲ್ಲ. ಅಂತರಪಟ ಸರಿದು, ಗಟ್ಟಿಮೇಳ ಮೊಳಗಿ, ನಾಲ್ಕೂ ದಿಕ್ಕಿನಿಂದ ಅಕ್ಷತೆ ಬಿದ್ದಾಗ ಕಷ್ಟ ಶುರು. ಸಾವಿರ ಕಾಳು, ಸಾವಿರ ದಿಕ್ಕು. ‘ಮೇಲಿನಂತೆ’ ಎನ್ನಲು ಒಂದೂ ಇಲ್ಲ. ಬಿಟ್ ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುವುದು ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೇ.

ಇದಕ್ಕೆ ಪರಿಹಾರ ಎರಡು ಸುತ್ತಿನ ಸಂಕೋಚನ. ಮೊದಲ ಸುತ್ತಿನಲ್ಲಿ ಸಾಫ್ಟ್‌ವೇರ್ ಎಲ್ಲೆಲ್ಲಿ ಗದ್ದಲವಿದೆ ಎಂದು ನೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಮಂತ್ರದ ಹೊತ್ತಿನಲ್ಲಿ ಉಳಿಸಿದ್ದನ್ನು ಅಕ್ಷತೆಗೆ ಸುರಿಯುತ್ತದೆ. ಸಮಯ ಸುಮಾರು ದುಪ್ಪಟ್ಟು ಹಿಡಿಯುತ್ತದೆ. ರಾತ್ರಿ ಓಡಲು ಬಿಟ್ಟು ಮಲಗಿದರಾಯಿತು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿಯಿದೆ, ನನಗೆ ಅದೇ ಹೆಚ್ಚು ಇಷ್ಟ. ನಮ್ಮ ಪಾಲ್ ಪದ್ಧತಿಯ ಡಿವಿಡಿಯ ಪೂರ್ಣ ಅಳತೆ 720x576. ವಿಹೆಚ್‌ಎಸ್ ಕ್ಯಾಸೆಟ್ ಅಡ್ಡಡ್ಡಲಾಗಿ ಹಿಡಿದಿಡುವುದು ಸುಮಾರು 240 ಗೆರೆಗಳಷ್ಟು ವಿವರವನ್ನು ಮಾತ್ರ. ಇಲ್ಲದ ವಿವರಕ್ಕೆ ಜಾಗ ಕಾಯ್ದಿರಿಸುವುದೇಕೆ? ಡಿವಿಡಿ ನಿಯಮದಲ್ಲೇ 352x576 ಎಂಬ ಅರ್ಧದ ಅಳತೆಗೂ ಅನುಮತಿಯಿದೆ. ಅದನ್ನು ಆರಿಸಿದರೆ ಅದೇ 3.1 ಮೆಗಾಬಿಟ್ ಅರ್ಧದಷ್ಟೇ ಚುಕ್ಕೆಗಳಿಗೆ ಹಂಚಿಕೆಯಾಗುತ್ತದೆ, ಅಕ್ಷತೆಯೂ ಅಕ್ಷತೆಯಾಗಿಯೇ ಕಾಣುತ್ತದೆ. ಚಿತ್ರದ ತಳದಲ್ಲಿ ವಿಸಿಆರ್ ಬಿಡುವ ನಡುಗುವ ಪಟ್ಟಿಯನ್ನು ಕಪ್ಪಿನಿಂದ ಮುಚ್ಚಿಬಿಡಿ. ಹಳೆಯ ಟಿವಿಗಳು ಅದನ್ನು ಅಂಚಿನಾಚೆ ಬಚ್ಚಿಡುತ್ತಿದ್ದವು. ಹೊಸವು ತೋರಿಸುತ್ತವೆ, ಬಿಟ್‌ಗಳೂ ಅಲ್ಲಿ ವ್ಯರ್ಥವಾಗುತ್ತವೆ. ಹೃದಯದಾಕಾರದಲ್ಲಿ ವಧು, ಪುಟ ಮಗುಚಿದಂತೆ ವರ, ಇಬ್ಬರ ಸುತ್ತ ತಿರುಗುವ ಗುಲಾಬಿ: ಅಂದಿನ ವಿಡಿಯೋದವರ ಈ ಕರಾಮತ್ತುಗಳೂ ಬಿಟ್ ತಿನ್ನುವುದರಲ್ಲಿ ಅಕ್ಷತೆಗೆ ಸಮ. ಜಾಗ ಸಾಲದಿದ್ದರೆ ಕತ್ತರಿ ಮೊದಲು ಬೀಳಬೇಕಾದದ್ದು ಅಲ್ಲಿ. ಊಟದ ಪಂಕ್ತಿಗೆ ಮಾತ್ರ ಕೈ ಹಚ್ಚಬೇಡಿ. ವೇದಿಕೆ ಹತ್ತದ ಚಿಕ್ಕಪ್ಪ, ಅಡುಗೆಮನೆ ಬಿಟ್ಟು ಬಾರದ ದೊಡ್ಡಮ್ಮ ಎಲ್ಲರೂ ಕ್ಯಾಮೆರಾಕ್ಕೆ ಸಿಕ್ಕಿರುವುದು ಎಲೆಯ ಮುಂದೆಯೇ.

ಅಷ್ಟಕ್ಕೂ ಚಾಪ್ಟರ್ ಇರುವಾಗ ಕತ್ತರಿಸುವ ಅಗತ್ಯವೇ ಕಡಿಮೆ. ಆರತಕ್ಷತೆಯಲ್ಲಿ ಉಡುಗೊರೆ ಕೊಟ್ಟು ಫೋಟೊಗೆ ನಿಲ್ಲುವ ನಲವತ್ತು ನಿಮಿಷದ ಸಾಲಿಗೆ ಒಂದು ಚಾಪ್ಟರ್ ಕೊಡಿ. ಬೇಡದವರು ಹಾರುತ್ತಾರೆ, ತಮ್ಮ ಮುಖ ಹುಡುಕುವವರು ಕೂತು ನೋಡುತ್ತಾರೆ. ಒಂದು ಟೈಟಲ್‌ಗೆ 99 ಚಾಪ್ಟರ್‌ಗಳವರೆಗೂ ಅವಕಾಶವಿದೆ, ಮದುವೆಗೆ ಹದಿನೈದಿಪ್ಪತ್ತು ಸಾಕು. ಐದು ನಿಮಿಷಕ್ಕೊಂದರಂತೆ ಯಂತ್ರವೇ ಹಾಕುವ ಚಾಪ್ಟರ್‌ಗಳನ್ನು ಒಪ್ಪಿಕೊಳ್ಳಬೇಡಿ. ಸಪ್ತಪದಿಯ ಮೂರನೇ ಹೆಜ್ಜೆಯಲ್ಲಿ ಹೊಸ ಅಧ್ಯಾಯ ತೆರೆಯಲು ಅದಕ್ಕೇನೂ ಸಂಕೋಚವಿಲ್ಲ.

ಗುರುತು ಹಾಕುವಾಗ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವರಪೂಜೆ ಮುಗಿದು ನಾಂದಿ ಶುರುವಾದದ್ದು, ಕಾಶಿಯಾತ್ರೆಗೆ ಹೊರಟ ವರನನ್ನು ತಡೆದದ್ದು, ಲಾಜಹೋಮದಲ್ಲಿ ಅರಳು ಕೊಟ್ಟ ತಮ್ಮ ಯಾರೆಂಬುದು ಅವರಿಗೇ ಗೊತ್ತು. ಉತ್ತರ ಕರ್ನಾಟಕದ ಮದುವೆಯಾದರೆ ಸುರಗಿ, ಅಕ್ಕಿಕಾಳು ಎಂದೇ ಮೆನುವಿನಲ್ಲಿ ಬರೆಯಿರಿ. ಸಾಫ್ಟ್‌ವೇರ್ ಕೊಡುವ ‘ಚಾಪ್ಟರ್ 7’ ಯಾರಿಗೂ ಏನನ್ನೂ ಹೇಳುವುದಿಲ್ಲ. ಒಂದು ಸ್ಥಳವನ್ನು ಮಾತ್ರ ಯಾರನ್ನೂ ಕೇಳದೆ ಹುಡುಕಬಹುದು. ಎಡಿಟಿಂಗ್ ಪರದೆಯ ಧ್ವನಿರೇಖೆಯಲ್ಲಿ ತಟ್ಟನೆ ಎದ್ದು, ಕೆಲಹೊತ್ತು ಇಳಿಯದೆ ನಿಲ್ಲುವ ಗುಡ್ಡ ಸಾಮಾನ್ಯವಾಗಿ ಗಟ್ಟಿಮೇಳವೇ. ಗುರುತನ್ನು ಗುಡ್ಡದ ಮೇಲಲ್ಲ, ಅದಕ್ಕೆ ಒಂದೆರಡು ನಿಮಿಷ ಹಿಂದೆ ಹಾಕಿ. ಅಂತರಪಟ ಸರಿಯುವುದನ್ನು ನೋಡದೆ ತಾಳಿ ನೋಡಲು ಯಾರೂ ಬಯಸುವುದಿಲ್ಲ.

ಡಿವಿಡಿಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಮೆನು, ಚಾಪ್ಟರ್ ಎರಡೂ ಆಗುತ್ತವೆ. ಹ್ಯಾಂಡ್‌ಬ್ರೇಕ್ ಒಳ್ಳೆಯದೇ, ಆದರೆ ಅದು ಡಿವಿಡಿ ಮಾಡುವುದಿಲ್ಲ, ಎಂಪಿ4 ಮಾಡುತ್ತದೆ. ಹಳೆಯ ಪ್ಲೇಯರ್‌ಗಳಿಗೆ ಡಿವಿಡಿ-ಆರ್ ಬಿಲ್ಲೆ ಹೆಚ್ಚು ಹೊಂದುತ್ತದೆ. ಬರ್ನ್ ಮಾಡುವಾಗ ಅತಿ ವೇಗ ಬೇಡ, ಮುಗಿದ ಮೇಲೆ ವೆರಿಫೈ ತಪ್ಪಿಸಬೇಡಿ. ಮೇಲ್ಮೈಗೆ ಕಾಗದದ ಸ್ಟಿಕ್ಕರ್ ಅಂಟಿಸದೆ ಬಿಲ್ಲೆಗೆಂದೇ ಇರುವ ಪೆನ್ನಿನಲ್ಲಿ ಬರೆಯಿರಿ.

8.5 ಜಿಬಿಯ ಎರಡು ಪದರದ ಬಿಲ್ಲೆಯೂ ಇದೆ, ಆದರೆ ಎಲ್ಲ ಹಳೆಯ ಪ್ಲೇಯರ್‌ಗಳೂ ಅದನ್ನು ಒಪ್ಪುವುದಿಲ್ಲ. ಅದಕ್ಕಿಂತ ಮದುವೆಯನ್ನೇ ಎರಡು ಬಿಲ್ಲೆಗೆ ಒಡೆಯುವುದು ಲೇಸು. ಹಿಂದಿನ ಸಂಜೆಯ ವರಪೂಜೆ, ಆರತಕ್ಷತೆ ಒಂದಕ್ಕೆ. ಮುಹೂರ್ತದ ದಿನ ಇನ್ನೊಂದಕ್ಕೆ. ಅಮೆರಿಕದಲ್ಲಿರುವ ಮಗಳಿಗೆ ಕಳಿಸುವುದಾದರೆ ಪಾಲ್ ಬಿಲ್ಲೆ ಅಲ್ಲಿನ ಹಲವು ಪ್ಲೇಯರ್‌ಗಳಲ್ಲಿ ಓಡುವುದಿಲ್ಲ. ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಗೆ ಬದಲಿಸಿದರೆ ಚಲನೆ ತುಸು ತೊದಲುತ್ತದೆ, ಆಕೆಗೆ ಎಂಪಿ4 ಕಡತ ಕಳಿಸುವುದೇ ಮೇಲು. ಹೇಗೂ ಆ 39 ಜಿಬಿಯ ಮೂಲವನ್ನು ಹಾರ್ಡ್‌ಡಿಸ್ಕಿನಿಂದ ಅಳಿಸುವಂತಿಲ್ಲ. ಬರ್ನ್ ಮಾಡಿದ ಬಿಲ್ಲೆಯಲ್ಲಿ ಚಿತ್ರವನ್ನು ಹಿಡಿದಿರುವುದು ಒಂದು ತೆಳು ಬಣ್ಣದ ಪದರ. ಬಿಸಿಲು, ಸೆಕೆಗೆ ಅದು ಮಾಸಿದ ದಿನ ಇನ್ನೊಂದು ಪ್ರತಿ ತೆಗೆಯಲು ಮೂಲ ಬೇಕಾಗುತ್ತದೆ, ಚಾಪ್ಟರ್‌ಗಳ ಪಟ್ಟಿಯೂ ಬೇಕಾಗುತ್ತದೆ. ಅದನ್ನು ನಿಮಿಷ, ಸೆಕೆಂಡು ಸಮೇತ ಒಂದು ಹಾಳೆಯಲ್ಲಿ ಬರೆದು ಮದುವೆ ಆಲ್ಬಮ್ಮಿನ ಕೊನೆಯ ಪುಟದಲ್ಲಿಡಿ.