ಸಾರಥಿಯಿಲ್ಲದ ಭಾರವಾಹನಗಳಲ್ಲಿ ವಲನವೂ ಸ್ಥೈರ್ಯವೂ

ಇಕ್ಕಟ್ಟಾದ ದಾರಿಯಲ್ಲಿಯೂ ಬೇಕಾದ ಕಡೆಗೆ ತಿರುಗಬಲ್ಲ ಗುಣವನ್ನು ವಾಹನದ ವಲನಶಕ್ತಿಯೆಂದೂ, ವೇಗದಲ್ಲಿ ತೂಗಾಡದೆ ಉರುಳದೆ ಸಾಗಬಲ್ಲ ಗುಣವನ್ನು ಸ್ಥೈರ್ಯವೆಂದೂ ಕರೆಯಬಹುದು. ಎರಡೂ ಅವಶ್ಯವಾದುವೇ; ಆದರೆ ಒಂದನ್ನು ಹೆಚ್ಚಿಸಹೋದರೆ ಮತ್ತೊಂದು ಕುಗ್ಗುವುದು ಭಾರವಾಹನಗಳ ಸ್ವಭಾವ. ಈ ವಿರೋಧವನ್ನು ಸಾರಥಿಯು ತನ್ನ ಅನುಭವದಿಂದ ಸರಿದೂಗಿಸುತ್ತ ಬಂದಿದ್ದಾನೆ. ಈಗ ಆ ಕಾರ್ಯವನ್ನು ಗಣಕಯಂತ್ರಕ್ಕೆ ವಹಿಸಲು ಉದ್ಯುಕ್ತರಾಗಿರುವುದರಿಂದ, ಅನುಭವವೆಂಬುದರಲ್ಲಿ ಏನೇನು ಅಡಗಿದ್ದಿತೆಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಇದಕ್ಕೆ ಆಸ್ಟ್ರೇಲಿಯವು ತಕ್ಕ ನಿದರ್ಶನ. ಅಲ್ಲಿಯ ಒಳನಾಡಿನಲ್ಲಿ ಒಂದೇ ಎಳೆಗಾಡಿಗೆ ಹಲವು ಹಿಂಬಂಡಿಗಳನ್ನು ಕೂಡಿಸಿದ ‘ರಸ್ತೆರೈಲು’ಗಳು ಸಂಚರಿಸುತ್ತವೆ, ಅವುಗಳ ಉದ್ದವು 53.5 ಮೀಟರುಗಳವರೆಗೂ ಇರಬಹುದು. ಇಷ್ಟು ಉದ್ದದ ವಾಹನವು ಒಂದೇ ಬಿಗಿಯಾದ ಕಟ್ಟಡವಾಗಿದ್ದರೆ ಯಾವ ಮೂಲೆಯಲ್ಲಿಯೂ ತಿರುಗಲಾರದು. ಆದಕಾರಣ ನಡುನಡುವೆ ಕೀಲುಗಳನ್ನು ಇಡುತ್ತಾರೆ. ಕೀಲುಗಳು ಹೆಚ್ಚಿದಷ್ಟೂ ಹಿಂಗಾಲಿಗಳು ಮುಂಗಾಲಿಗಳ ಜಾಡಿಗೆ ಸಮೀಪವಾಗಿ ಬರುತ್ತವೆ. ತಿರುವಿನ ಒಳ ಅಂಚನ್ನು ಅಷ್ಟಾಗಿ ಆಕ್ರಮಿಸುವುದಿಲ್ಲ. ಆದರೆ ನಿಧಾನಗತಿಯಲ್ಲಿ ಉಪಕಾರಿಯಾದ ಕೀಲೇ ವೇಗದಲ್ಲಿ ಅಪಕಾರಿಯಾಗುತ್ತದೆ. ಅಡ್ಡಬಂದುದನ್ನು ತಪ್ಪಿಸಲು ಎಳೆಗಾಡಿಯು ಥಟ್ಟನೆ ಪಕ್ಕಕ್ಕೆ ಸರಿದರೆ, ಆ ಚಲನೆಯು ಬಂಡಿಯಿಂದ ಬಂಡಿಗೆ ಬೆಳೆಯುತ್ತ ಹೋಗಿ, ಚಾವಟಿಯ ತುದಿಯನ್ನು ಬೀಸಿದಂತೆ ಕಡೆಯ ಬಂಡಿಯನ್ನು ಬೀಸುತ್ತದೆ. ಮುಂದಿನ ಪೀಠದಲ್ಲಿರುವ ಸಾರಥಿಗೆ ಹಿಂದಿನ ಗಾಲಿಗಳು ನೆಲಬಿಟ್ಟುದು ತಿಳಿಯುವಷ್ಟರಲ್ಲಿ ಕಾಲ ಮೀರಿರುವುದುಂಟು.

ಆ ದೇಶದ ಭಾರವಾಹನ ಪ್ರಮಾಣಗಳಲ್ಲಿ ಎರಡು ಗುಣಗಳಿಗೂ ಬೇರೆಬೇರೆ ಅಳತೆಗಳಿವೆ. ಮೆಲ್ಲನೆ ಸಮಕೋನವಾಗಿ ತಿರುಗುವಾಗ ವಾಹನವು ಆವರಿಸುವ ದಾರಿಯ ಅಗಲವು ಮೊದಲನೆಯ ವರ್ಗದ ರಸ್ತೆಗಳಲ್ಲಿ 7.4 ಮೀಟರುಗಳನ್ನೂ, ನಾಲ್ಕನೆಯ ವರ್ಗದ ರಸ್ತೆಗಳಲ್ಲಿ 13.7 ಮೀಟರುಗಳನ್ನೂ ಮೀರಕೂಡದು. ಸ್ಥೈರ್ಯದ ವಿಷಯದಲ್ಲಿ, ತೂಕದ ನೂರಕ್ಕೆ 35 ಪಾಲಿನಷ್ಟು ಅಡ್ಡಬಲವನ್ನಾದರೂ ಉರುಳದೆ ತಾಳಿಕೊಳ್ಳಬೇಕು. ಅಪಾಯಕರ ದ್ರವಗಳನ್ನು ಒಯ್ಯುವ ತೊಟ್ಟಿಬಂಡಿಗಳಿಗೆ ಇದು 40 ಪಾಲು. ಈ ಅಡ್ಡಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 30 ಮೀಟರು ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಗಂಟೆಗೆ 30 ಕಿಲೋಮೀಟರು ವೇಗದಿಂದ ಹೋದರೆ ಅದು ತೂಕದ ಸುಮಾರು 24 ಪಾಲು. 40 ಕಿಲೋಮೀಟರು ವೇಗದಿಂದ ಹೋದರೆ 42 ಪಾಲು. ವೇಗದ ಅಲ್ಪವಾದ ಅಂತರದಲ್ಲಿಯೇ ಕ್ಷೇಮವು ಅಪಾಯವಾಗಿ ಮಾರ್ಪಡುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದೇ ದೇಶದ ಪಶ್ಚಿಮದಲ್ಲಿ, ಪಿಲ್ಬರಾ ಪ್ರಾಂತದ ವೆಸ್ಟ್ ಏಂಜೆಲಾಸ್ ಕಬ್ಬಿಣದ ಗಣಿಯಲ್ಲಿ, 2008ರಲ್ಲಿ ಸಾರಥಿಯಿಲ್ಲದ ಲಾರಿಗಳ ಪ್ರಯೋಗವು ಆರಂಭವಾಯಿತು. ಅಂದಿನಿಂದ ಅಂತಹ ಲಾರಿಗಳು ಹಲವು ಗಣಿಗಳಲ್ಲಿ ದುಡಿಯುತ್ತಿವೆ. ಆದರೆ ಗಣಿಯ ಲಾರಿಯು ಎಷ್ಟು ದೊಡ್ಡದಾದರೂ ಕೀಲಿಲ್ಲದ ಒಂದೇ ದೇಹ; ಅದರ ದಾರಿಯು ವಿಶಾಲವಾದುದು, ಸಾರ್ವಜನಿಕರ ಪ್ರವೇಶವಿಲ್ಲದುದು. ಆದುದರಿಂದ ಗಣಿಯಲ್ಲಿ ಸಾಧಿಸಿದುದನ್ನು ಹೆದ್ದಾರಿಯ ಕೀಲುಬಂಡಿಗಳಿಗೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ.

ಹೆದ್ದಾರಿಯಲ್ಲಿ ಯಂತ್ರಕ್ಕೆ ಕೆಲವು ಅನುಕೂಲಗಳುಂಟು. ಹಿಂಬಂಡಿಯ ಗಾಲಿಗಳನ್ನು ನಿಧಾನಗತಿಯಲ್ಲಿ ತಿರುಗಿಸಿ, ವೇಗದಲ್ಲಿ ನೇರವಾಗಿ ಬಿಗಿದಿಡಬಹುದು. ಹೀಗೆ ಒಂದೇ ಬಂಡಿಯು ಸಂದರ್ಭಾನುಸಾರವಾಗಿ ವಲನವನ್ನಾಗಲಿ ಸ್ಥೈರ್ಯವನ್ನಾಗಲಿ ಆಶ್ರಯಿಸಬಲ್ಲುದು. ಕಡೆಯ ಬಂಡಿಯಲ್ಲಿಯೇ ಇಟ್ಟ ಮಾಪಕಗಳಿಂದ, ಮನುಷ್ಯನಿಗೆ ತಡವಾಗಿ ತಿಳಿಯುವ ಓಲಾಟವನ್ನು ಅದು ಮೊದಲೇ ಅರಿಯಬಲ್ಲುದು. ಒಂದೊಂದು ಗಾಲಿಯನ್ನೂ ಪ್ರತ್ಯೇಕವಾಗಿ ತಡೆಹಿಡಿಯಬಲ್ಲುದು. ಆದರೆ ಎತ್ತರವಾಗಿ ಪೇರಿಸಿದ ಹೊರೆಯ ಗುರುತ್ವಕೇಂದ್ರವನ್ನು ಯಾವ ಗಣಕವೂ ಕೆಳಗಿಳಿಸಲಾರದು. ಅರ್ಧ ತುಂಬಿದ ತೊಟ್ಟಿಯಲ್ಲಿ ದ್ರವವು ಅತ್ತಿತ್ತ ನುಗ್ಗುವುದನ್ನೂ ನಿಲ್ಲಿಸಲಾರದು. ತಿರುವಿನೊಳಕ್ಕೆ ಅತಿವೇಗದಿಂದ ಪ್ರವೇಶಿಸಿದ ಮೇಲೆ ಮಾಡಬಹುದಾದ ಪರಿಹಾರವು ಬಹು ಸ್ವಲ್ಪ.

ಹೀಗೆ ವಿಚಾರಮಾಡಿದರೆ, ನುರಿತ ಸಾರಥಿಯ ಅನುಭವವೆಂಬುದು ಬಹುಮಟ್ಟಿಗೆ ಮುಂದಾಲೋಚನೆಯೇ ಎಂದು ತೋರುತ್ತದೆ. ಹೊರೆಯನ್ನು ತಿಳಿದು, ದಾರಿಯನ್ನು ಊಹಿಸಿ, ತಿರುವು ಬರುವ ಮುನ್ನವೇ ವೇಗವನ್ನು ತಗ್ಗಿಸುವುದು ಅವನ ಚಾತುರ್ಯದ ಸಾರ. ಯಂತ್ರಕ್ಕೆ ಕಲಿಸಬೇಕಾದುದೂ ಮುಖ್ಯವಾಗಿ ಇದನ್ನೇ. ಯಂತ್ರಕ್ಕೆ ಆಯಾಸವಾಗಲಿ ಆತುರವಾಗಲಿ ಇಲ್ಲವೆಂಬುದು ನಿಜ. ಆದರೆ ಅದಕ್ಕೆ ವೇಗದ ಮಿತಿಯನ್ನೂ ಹೊರೆಯ ಮಿತಿಯನ್ನೂ ಗೊತ್ತುಮಾಡುವವರಿಗೆ ಆತುರವಿರಬಹುದು. ಭಾರವಾಹನದ ಪೀಠವು ಬರಿದಾಗಿದ್ದರೂ ಎದುರಿನಿಂದ ಬರುವ ವಾಹನದಲ್ಲಿ ಮನುಷ್ಯರು ಇರುತ್ತಾರಾದ ಕಾರಣ, ಆ ಮಿತಿಗಳನ್ನು ಗೊತ್ತುಮಾಡುವಾಗ ಸ್ಥೈರ್ಯದ ಪಕ್ಷವನ್ನೇ ವಹಿಸುವುದು ಉಚಿತವಾದುದು.